ಕಡಿದ ಬೊಡ್ಡೆ ಸತ್ತಿಲ್ಲ: ಬೋಳು ಗುಡ್ಡ ಮತ್ತೆ ಕಾಡಾಗುವ ಬಗೆ

ಸರ್ವಜ್ಞನ ಹುಟ್ಟೂರೆಂದು ಜನ ನಂಬಿಕೊಂಡು ಬಂದಿರುವ ಹಿರೇಕೆರೂರು ತಾಲೂಕಿನ ಅಬಲೂರಿಗೆ ಇನ್ನೊಂದು ಕಾರಣದಿಂದಲೂ ಹೆಸರಿದೆ. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ನೆಯ ಇಸವಿಯ ಶಾಸನವೊಂದಿದೆ. ಶಿವಭಕ್ತ ಏಕಾಂತದ ರಾಮಯ್ಯ ತನ್ನ ತಲೆಯನ್ನು ಅರಿದಿಟ್ಟು ಏಳು ದಿನಗಳ ನಂತರ ಮರಳಿ ಪಡೆದ ಕಥೆಯನ್ನು ಅದು ಹೇಳುತ್ತದೆ. ಅದು ಭಕ್ತಿಯ ಮಾತು. ಆದರೆ ತಲೆ ಕಡಿದ ಮೇಲೂ ಜೀವ ಮರಳುವುದನ್ನು ಈ ಸೀಮೆಯ ರೈತ ಪ್ರತಿ ಮುಂಗಾರಿನಲ್ಲಿ ಕಣ್ಣಾರೆ ಕಾಣುತ್ತಾನೆ. ಬೇಸಿಗೆಯಲ್ಲಿ ಉರವಲಿಗೆಂದು ನೆಲಮಟ್ಟ ಕಡಿದ ಮತ್ತಿಯ ಬೊಡ್ಡೆ, ರೋಹಿಣಿ ಮಳೆ ಬೀಳುತ್ತಲೇ ಹತ್ತಾರು ಕೆಂಪು ಚಿಗುರು ಹೊರಡಿಸುತ್ತದೆ. ಒಂದು ತಿಂಗಳಲ್ಲಿ ಮೊಣಕಾಲೆತ್ತರ ಬೆಳೆಯುತ್ತದೆ. ಆಮೇಲೆ ಆಡು ಬಂದು ಮೇಯುತ್ತದೆ. ಮತ್ತೆ ಚಿಗುರುತ್ತದೆ. ಮಾಘ ಕಳೆದ ಮೇಲೆ ಬೆಂಕಿ ಬಂದು ಸುಡುತ್ತದೆ. ಮುಂದಿನ ವರ್ಷ ಮತ್ತೆ ಚಿಗುರುತ್ತದೆ.

ನಾವು ಇಂಥ ಗುಡ್ಡವನ್ನು ನೋಡಿ “ಬೋಳಾಯಿತು, ಸತ್ತುಹೋಯಿತು” ಎನ್ನುತ್ತೇವೆ. ಹೊಸದಾಗಿ ಗುಂಡಿ ತೋಡಿ, ದೂರದ ನರ್ಸರಿಯಿಂದ ಸಸಿ ತಂದು ನೆಡುತ್ತೇವೆ. ಹಲವು ಕಡೆ ಆ ಸಸಿಗಳು ಮೊದಲ ಬೇಸಿಗೆಯನ್ನೇ ದಾಟುವುದಿಲ್ಲ. ಆದರೆ ಅದೇ ಗುಂಡಿಯ ಪಕ್ಕದಲ್ಲಿ ಮೂವತ್ತು ನಲವತ್ತು ವರ್ಷದ ಬೇರು ಹೊತ್ತ ಬೊಡ್ಡೆ ಜೀವಂತ ಕುಳಿತಿರುತ್ತದೆ. ಅದರತ್ತ ಯಾರೂ ನೋಡುವುದಿಲ್ಲ. ಸತ್ತಿದೆ ಎಂದುಕೊಂಡ ಗುಡ್ಡದಲ್ಲಿ ಜೀವ ಎಲ್ಲಿ ಅಡಗಿದೆ, ಅದು ಯಾವ ಕ್ರಮದಲ್ಲಿ ಹೊರಬರುತ್ತದೆ, ಎಷ್ಟು ದಿನ ಹಾಗೆ ಕಾಯಬಲ್ಲದು ಎಂಬುದನ್ನು ರೈತ ಬಾಂಧವರು ತಿಳಿದಿರುವುದು ಅಗತ್ಯ. ಏಕೆಂದರೆ ಆ ಜೀವಕ್ಕೂ ಒಂದು ಕೊನೆಯಿದೆ.

ನಮ್ಮ ಸೀಮೆಯ ಕಾಡು ಎಂಥದು?

ಹಿರೇಕೆರೂರು ತಾಲೂಕನ್ನು ಹಿಂದೆ ಕೋಡ ತಾಲೂಕು ಎಂದು ಕರೆಯುತ್ತಿದ್ದರು. ಮೊದಲು ಮುಂಬಯಿ ಪ್ರಾಂತಕ್ಕೂ ಧಾರವಾಡ ಜಿಲ್ಲೆಗೂ ಸೇರಿದ್ದ ಈ ಭಾಗ 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಇದು ಮಲೆನಾಡು ಮುಗಿದು ಬಯಲು ಸೀಮೆ ಮೊದಲಾಗುವ ಸೆರಗು. ಹಾನಗಲ್ಲಿನ ಪಶ್ಚಿಮಕ್ಕೆ ಹೋದಂತೆ ಸಾಗವಾನಿ, ಮತ್ತಿ, ಹೊನ್ನೆ ಎತ್ತರವಾಗಿ ನಿಲ್ಲುತ್ತವೆ. ಶಿಗ್ಗಾವಿ, ಸವಣೂರು, ರಾಣೇಬೆನ್ನೂರಿನ ಕಡೆಗೆ ಬಂದಂತೆ ಮಳೆ ಕಡಿಮೆಯಾಗಿ ಮರ ಗಿಡ್ಡಾಗುತ್ತದೆ. ದಿಂಡಲ, ಕಗ್ಗಲಿ, ತುಗ್ಗಲಿ, ಮುತ್ತುಗ, ಜಾಲಿ, ಬೇವು, ಕಾರೆ, ಕವಳಿ ಹೆಚ್ಚುತ್ತವೆ. ಕೊನೆಗೆ ಮರ ಚದುರಿ ಹುಲ್ಲುಗಾವಲು ಉಳಿಯುತ್ತದೆ.

ಈ ಕಾಡುಗಳೆಲ್ಲಕ್ಕೂ ಒಂದು ಗುಣ ಸಮಾನ. ವರ್ಷದಲ್ಲಿ ಸುಮಾರು ಆರು ತಿಂಗಳು ಮಳೆಯಿಲ್ಲ. ಹೀಗಾಗಿ ಮರಗಳು ಬೇಸಿಗೆಗೆ ಎಲೆ ಉದುರಿಸಿ ನೀರನ್ನು ಉಳಿಸಿಕೊಳ್ಳುತ್ತವೆ. ಮಳೆಕಾಡಿನ ಮರ ಬೆಳಕಿಗಾಗಿ ಮೇಲಕ್ಕೆ ಓಡಿದರೆ, ಒಣಕಾಡಿನ ಮರ ಮೊದಲು ನೀರಿಗಾಗಿ ಕೆಳಕ್ಕೆ ಇಳಿಯುತ್ತದೆ. ಮೇಲೆ ಒಂದು ಗೇಣು ಕಾಣುವ ಗಿಡದ ಬೇರು ನೆಲದೊಳಗೆ ಹಲವು ಮೊಳ ಇರಬಹುದು. ಸಾಗವಾನಿ, ಮುತ್ತುಗ, ಮತ್ತಿಯ ಸಸಿಗಳು ಬೇಸಿಗೆಯಲ್ಲಿ ಮೇಲಿನ ಕಾಂಡವನ್ನು ಒಣಗಲು ಬಿಟ್ಟು ಬೇರಿನಲ್ಲಿ ಜೀವ ಹಿಡಿದಿರುತ್ತವೆ. ಮುಂದಿನ ಮಳೆಗೆ ಹೊಸ ಕಾಂಡ. ಹೀಗೆ ಹಲವು ವರ್ಷ ಸತ್ತು ಹುಟ್ಟಿ, ಬೇರು ಬಲಿತ ಮೇಲೆ ಒಂದು ವರ್ಷ ಗಿಡ ಒಮ್ಮೆಗೇ ಮೇಲೇಳುತ್ತದೆ. ಆದ್ದರಿಂದ ಒಣಕಾಡಿನ ನಿಜವಾದ ಬಂಡವಾಳ ನೆಲದ ಮೇಲಿಲ್ಲ, ನೆಲದ ಒಳಗಿದೆ.

ಕಾಡು ಮರಳುವ ಮೂರು ದಾರಿ

ಮೊದಲನೆಯದು ಬೊಡ್ಡೆಯ ಚಿಗುರು. ಮತ್ತಿ, ಸಾಗವಾನಿ, ದಿಂಡಲ, ತುಗ್ಗಲಿ, ಬೇವು ಎಲ್ಲವೂ ಕಡಿದ ಮೇಲೆ ಚೆನ್ನಾಗಿ ಚಿಗುರುತ್ತವೆ. ಹಳೆಯ ಬೇರು ನೀರನ್ನೂ ಸಾರವನ್ನೂ ಒದಗಿಸುವುದರಿಂದ ಬೊಡ್ಡೆಯ ಚಿಗುರು, ಬೀಜದ ಸಸಿಗಿಂತ ಎಷ್ಟೋ ಪಾಲು ಬೇಗ ಬೆಳೆಯುತ್ತದೆ. ಅರಣ್ಯ ಇಲಾಖೆಯವರು ಹಿಂದಿನಿಂದ ಕೂಪು ಹಾಕುವಾಗ ನಂಬಿಕೊಂಡದ್ದು ಇದನ್ನೇ. ಒಂದು ಭಾಗ ಕಡಿದು, ಚಿಗುರಲು ಬಿಟ್ಟು, ಸರದಿ ಬಂದಾಗ ಮತ್ತೆ ಕಡಿಯುವುದು.

ಎರಡನೆಯದು ಬೇರಿನಿಂದ ಏಳುವ ಕಂದು. ಮುತ್ತುಗ, ಶ್ರೀಗಂಧ, ತುಮರಿ ಇವು ತಾಯಿಮರದಿಂದ ಮಾರು ದೂರದಲ್ಲಿಯೂ ಬೇರಿನಿಂದಲೇ ಹೊಸ ಗಿಡ ಎಬ್ಬಿಸುತ್ತವೆ. ಗುಡ್ಡದ ಒಂದು ಮಗ್ಗುಲಲ್ಲಿ ಮುತ್ತುಗವೇ ಗುಂಪಾಗಿ ನಿಂತಿದ್ದರೆ ಅದರಲ್ಲಿ ಬಹಳಷ್ಟು ಒಂದೇ ಬೇರಿನ ಸಂಸಾರ ಇರಬಹುದು.

ಮೂರನೆಯದು ಬೀಜ. ಒಣನಾಡಿನಲ್ಲಿ ಇದು ಕಷ್ಟದ ದಾರಿ. ಬೀಜಕ್ಕೆ ಮೊಳೆಯಲು ಹದವಾದ ಮಳೆ ಬೇಕು. ಮೊಳೆತ ಸಸಿ ಮೊದಲ ಬೇಸಿಗೆಗೆ ಮುಂಚೆ ಬೇರು ಇಳಿಸಬೇಕು. ನಡುವೆ ಮಳೆ ಕೈಕೊಟ್ಟರೆ ಮುಗಿಯಿತು. ದಿಂಡಲದಂಥ ಮರ ವಿಪುಲವಾಗಿ ಬೀಜ ಚೆಲ್ಲುತ್ತದೆ, ಆದರೆ ಅದರಲ್ಲಿ ಬಹುಪಾಲು ಜೊಳ್ಳು. ಬೇವಿನ ಬೀಜ ಹಣ್ಣಾದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಎಲ್ಲ ಸರಿಹೋಗುವ ವರ್ಷಗಳು ವಿರಳ.

ಹಾಗಾದರೆ ಬೊಡ್ಡೆಯೊಂದೇ ಸಾಲದೇ, ಬೀಜದ ಗೊಡವೆ ಏಕೆ ಎಂದು ಕೇಳಬಹುದು. ಸಾಲದು. ಬೊಡ್ಡೆಯ ಚಿಗುರು ಹೊಸ ಮರವಲ್ಲ, ಅದೇ ಹಳೆಯ ಮರದ ಮೈ. ಪದೇ ಪದೇ ಕಡಿದಂತೆ ಬೊಡ್ಡೆ ಸೊರಗುತ್ತದೆ, ಒಳಗೆ ಲಡ್ಡಾಗುತ್ತದೆ, ಒಂದು ದಿನ ಚಿಗುರುವುದನ್ನು ನಿಲ್ಲಿಸುತ್ತದೆ. ಆಗ ಆ ಜಾಗ ತುಂಬಲು ಅದರ ಸಂತಾನ ಇರುವುದಿಲ್ಲ. ಬರೀ ಬೊಡ್ಡೆಗಳ ಮೇಲೆ ನಿಂತ ಗುಡ್ಡ, ಮಕ್ಕಳಿಲ್ಲದ ಮುದುಕರ ಮನೆ ಇದ್ದಂತೆ. ದೀಪ ಉರಿಯುತ್ತಿರುತ್ತದೆ, ಆದರೆ ಎಷ್ಟು ದಿನ?

ಮೊದಲು ಯಾರು, ಆಮೇಲೆ ಯಾರು?

ಮೇವು, ಕೊಡಲಿ, ಬೆಂಕಿ ಈ ಮೂರನ್ನೂ ತಡೆದ ಗುಡ್ಡದಲ್ಲಿ ಬದಲಾವಣೆ ಸಾಮಾನ್ಯವಾಗಿ ಒಂದು ಕ್ರಮದಲ್ಲಿ ನಡೆಯುತ್ತದೆ.

ಮೊದಲ ಎರಡು ಮೂರು ವರ್ಷ ಹುಲ್ಲಿನದು. ದನದ ಬಾಯಿಂದ ಉಳಿದ ಹುಲ್ಲು ತೆನೆ ಬಿಟ್ಟು ಬೀಜ ಚೆಲ್ಲಿ ಬರಿ ನೆಲವನ್ನು ಮುಚ್ಚುತ್ತದೆ. ಮಳೆಯ ಹನಿ ನೇರವಾಗಿ ನೆಲಕ್ಕೆ ಬಡಿಯುವುದು ತಪ್ಪುತ್ತದೆ. ನೀರು ಹರಿದು ಹೋಗುವ ಬದಲು ಇಂಗತೊಡಗುತ್ತದೆ. ಇದೇ ಹೊತ್ತಿಗೆ ಬೊಡ್ಡೆಗಳು ಆಳೆತ್ತರಕ್ಕೆ ಬರುತ್ತವೆ.

ಆಮೇಲೆ ಪೊದೆಗಳ ಕಾಲ. ದನ ಮುಟ್ಟದ ತಂಗಡಿ, ಬಂದರಿಕೆ ಮೊದಲೇ ಇರುತ್ತವೆ, ಈಗ ದಟ್ಟವಾಗುತ್ತವೆ. ಕವಳಿ, ಕಾರೆ, ಪರಗಿ, ಬಾರಿ ಹಬ್ಬುತ್ತವೆ. ಹೊರಗಿನಿಂದ ನೋಡಿದವರಿಗೆ ಇದು ಬರೀ ಮುಳ್ಳಿನ ಹಾಳು ಎನಿಸುತ್ತದೆ. ಕಡಿದು ಹಸನು ಮಾಡಿ ಸಸಿ ನೆಡೋಣ ಎಂಬ ಆತುರ ಹುಟ್ಟುವುದು ಇಲ್ಲಿಯೇ. ಆದರೆ ಕೆಡುವುದೂ ಇಲ್ಲಿಯೇ.

ಹತ್ತು ಹದಿನೈದು ವರ್ಷಕ್ಕೆ ಬೊಡ್ಡೆಯ ಚಿಗುರುಗಳು ಜಂತೆ, ಗಳುವಿನ ದಪ್ಪಕ್ಕೆ ಬರುತ್ತವೆ. ನೆರಳು ಬಿದ್ದಲ್ಲಿ ಹುಲ್ಲು ತೆಳುವಾಗುತ್ತದೆ, ತಂಗಡಿ ಹಿಂದೆ ಸರಿಯುತ್ತದೆ. ತರಗೆಲೆ ಬಿದ್ದು ಕೊಳೆತು ಮೇಲ್ಮಣ್ಣು ಕಪ್ಪಗಾಗುತ್ತದೆ. ಅಲ್ಲಿಂದ ಮುಂದೆ ನಡೆಯುವುದು ನಿಧಾನದ ಕೆಲಸ. ಕಾಡಿನ ಎತ್ತರ, ದಟ್ಟಣೆ ಕೆಲವು ದಶಕಗಳಲ್ಲಿ ಮರಳಬಹುದು. ಆದರೆ ಮೊದಲಿದ್ದ ಎಲ್ಲ ಜಾತಿಗಳೂ ಮರಳುವುದಕ್ಕೆ ಬಹಳ ಹೆಚ್ಚಿನ ಕಾಲ ಬೇಕು. ಕೆಲವು ಎಂದೂ ಬಾರದಿರಬಹುದು. ಬರುವ ಕಾಡು ಅಜ್ಜ ಕಂಡ ಕಾಡೇ ಆಗಿರುತ್ತದೆ ಎಂದು ನಂಬಬಾರದು.

ಮುಳ್ಳಿನ ಪೊದೆಯೇ ತೊಟ್ಟಿಲು

ಕವಳಿ ಅಥವಾ ಬಾರಿಯ ಪೊದೆಯನ್ನು ಮೆಲ್ಲಗೆ ಸರಿಸಿ ಒಳಗೆ ನೋಡಿರಿ. ಹಲವು ಸಲ ಅಲ್ಲೊಂದು ಬೇವಿನ ಸಸಿ ಅಥವಾ ಶ್ರೀಗಂಧದ ಗಿಡ ಸಿಗುತ್ತದೆ. ಅದನ್ನು ಯಾರೂ ನೆಟ್ಟದ್ದಲ್ಲ. ಹಣ್ಣು ತಿಂದ ಹಕ್ಕಿ ಪೊದೆಯ ಮೇಲೆ ಕುಳಿತು ಬೀಜ ಉದುರಿಸಿದೆ. ಪೊದೆಯೊಳಗೆ ಬಿಸಿಲಿನ ಝಳ ಕಡಿಮೆ, ತೇವ ಹೆಚ್ಚು, ಸುತ್ತಲೂ ಮುಳ್ಳಿನ ಬೇಲಿ ಇರುವುದರಿಂದ ಆಡಿನ ಬಾಯಿ ತಾಗುವುದಿಲ್ಲ. ಶ್ರೀಗಂಧಕ್ಕಂತೂ ತನ್ನ ಬೇರನ್ನು ಇನ್ನೊಂದು ಗಿಡದ ಬೇರಿಗೆ ತಗುಲಿಸಿ ಸಾರ ಹೀರದೆ ಬಾಳುವೆ ಇಲ್ಲ. ಪೊದೆಯೇ ಅದಕ್ಕೆ ದಾದಿ. ಸಸಿ ಪೊದೆಗಿಂತ ಮೇಲೆ ಬೆಳೆದ ಮೇಲೆ ನೆರಳಿಗೆ ಸಿಕ್ಕ ಪೊದೆ ತಾನಾಗಿ ಸೊರಗುತ್ತದೆ. “ಮುಳ್ಳು ಕಿತ್ತು ಹಸನು ಮಾಡಿದೆವು” ಎನ್ನುವವರು ತೊಟ್ಟಿಲನ್ನೇ ಒಲೆಗೆ ಹಾಕಿದ್ದಾರೆ.

ಬೀಜ ಹೊತ್ತು ತರುವವರನ್ನೂ ನೆನೆಯಬೇಕು. ಮತ್ತಿ, ದಿಂಡಲ, ಹೊನ್ನೆಯ ಬೀಜಗಳಿಗೆ ರೆಕ್ಕೆಯಿದೆ, ಗಾಳಿಯೇ ಒಯ್ಯುತ್ತದೆ. ಆದರೆ ನೇರಳೆ, ತುಮರಿ, ಬಾರಿ, ಕಾರೆ, ಬೇವು ಇವುಗಳಿಗೆ ಹಕ್ಕಿ, ಬಾವಲಿ, ನರಿ, ಪುನುಗು ಬೆಕ್ಕು ಬೇಕು. ನರಿ ರಾತ್ರಿ ಬಾರಿಹಣ್ಣು ತಿಂದು ಬೆಳಗಾಗುವುದರಲ್ಲಿ ಇನ್ನೊಂದು ಗುಡ್ಡಕ್ಕೆ ಬಿತ್ತಿ ಬರುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಚಿಗುರು ತಿಂದು ಗುಡ್ಡ ಕೆಡಿಸುತ್ತದೆ ಎಂದು ನಾವು ದೂರುವ ಆಡು ಕುರಿಗಳೇ ಜಾಲಿಯ ಕಾಯಿ ತಿಂದು, ಗಟ್ಟಿ ಸಿಪ್ಪೆಯ ಬೀಜವನ್ನು ಮೊಳೆಯುವ ಹದಕ್ಕೆ ತಂದು ಹಿಕ್ಕೆಯೊಂದಿಗೆ ಊರ ತುಂಬ ಬಿತ್ತುತ್ತವೆ. ಮಧ್ಯ ಅಮೆರಿಕದ ಕೋಸ್ಟರಿಕ ದೇಶದಲ್ಲಿಯೂ ಇಂಥದೇ ಸಂಗತಿ ಕಂಡುಬಂದಿದೆ. ಅಲ್ಲಿಯ ಗ್ವಾನಕಾಸ್ಟೆ ಎಂಬ ಮರದ ದೊಡ್ಡ ಕಾಯಿಯನ್ನು ತಿಂದು ಬೀಜ ಹರಡುತ್ತಿದ್ದ ಹಿರಿಯ ಪ್ರಾಣಿಗಳು ಸಾವಿರಾರು ವರ್ಷಗಳ ಹಿಂದೆಯೇ ಅಳಿದವು. ಈಗ ಕುದುರೆ, ದನಗಳು ಆ ಕೆಲಸ ಮಾಡುತ್ತವೆ ಎಂದು ಡೇನಿಯಲ್ ಜಾನ್ಜೆನ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ತೋರಿಸಿಕೊಟ್ಟರು. ಅದೇ ಪ್ರದೇಶದಲ್ಲಿ, ಹಿಂದೆ ದನದ ದೊಡ್ಡಿಗಳಾಗಿದ್ದ ಹುಲ್ಲುಗಾವಲುಗಳಿಗೆ ವರ್ಷ ವರ್ಷ ಬೀಳುತ್ತಿದ್ದ ಬೆಂಕಿಯನ್ನು ತಡೆದುದರಿಂದಲೇ ವಿಶಾಲ ಒಣಕಾಡು ಮತ್ತೆ ಎದ್ದಿತು. ಬಹುಪಾಲು ಕೆಲಸವನ್ನು ಗಾಳಿ, ಹಕ್ಕಿ, ಪ್ರಾಣಿಗಳೇ ಮಾಡಿದವು. ಮನುಷ್ಯ ಮಾಡಿದ್ದು ಬೆಂಕಿ ಕಾಯುವ ಕೆಲಸ.

ಬೆಂಕಿಯ ಲೆಕ್ಕ

ಹೊಸ ಹುಲ್ಲು ಬರಲಿ ಎಂದು ಒಣ ಹುಲ್ಲಿಗೆ ಬೆಂಕಿ ಇಡುವ ರೂಢಿ ಹಳೆಯದು. ಬೂದಿ ಬಿದ್ದಲ್ಲಿ ಹಸಿರು ಬೇಗ ಕಾಣುವುದೂ ನಿಜ. ಆದರೆ ಅದರ ಬೆಲೆ ಏನೆಂದು ಲೆಕ್ಕ ಹಾಕಿದವರು ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ, ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ಎಲೆಯುದುರುವ ಕಾಡಿನಲ್ಲಿ 50 ಹೆಕ್ಟೇರ್ ಜಾಗ ಗುರುತಿಸಿದರು. ಎಕರೆಯ ಲೆಕ್ಕದಲ್ಲಿ ಸುಮಾರು 124. ಎದೆಮಟ್ಟದಲ್ಲಿ ಒಂದು ಸೆಂಟಿಮೀಟರ್ ದಪ್ಪವಿರುವ ಗಿಡದಿಂದ ಹಿಡಿದು ಹೆಮ್ಮರದವರೆಗೆ ಪ್ರತಿಯೊಂದಕ್ಕೂ ಸಂಖ್ಯೆಯ ತಗಡು ಕಟ್ಟಿದರು. ಸುಮಾರು 70 ಜಾತಿಯ 25 ಸಾವಿರಕ್ಕೂ ಹೆಚ್ಚು ಗಿಡಮರಗಳು ಲೆಕ್ಕಕ್ಕೆ ಸಿಕ್ಕವು. ಅಂದಿನಿಂದ ವರ್ಷ ವರ್ಷ ಯಾವುದು ಸತ್ತಿತು, ಯಾವುದು ಉಳಿಯಿತು ಎಂದು ನೋಡುತ್ತ ಬಂದರು.

ಕಂಡದ್ದು ಇಷ್ಟು. ಬೆಂಕಿ ಬಿದ್ದ ವರ್ಷ ದಪ್ಪ ತೊಗಟೆಯ ದೊಡ್ಡ ಮರಗಳು ಹೆಚ್ಚಾಗಿ ಉಳಿದುಕೊಂಡವು. ಸತ್ತದ್ದು ಬಹಳಷ್ಟು ಸಣ್ಣ ಗಿಡಗಳು. ಮೇಲಿಂದ ಮೇಲೆ ಬೆಂಕಿ ಬಿದ್ದಾಗ ಗಿಡಗಳ ಒಟ್ಟು ಸಂಖ್ಯೆ ಇಳಿಯಿತು. ಬೆಂಕಿಗೆ ಬಿಡುವು ಸಿಕ್ಕಾಗ ಬೇರಿನಿಂದ ಎದ್ದ ಚಿಗುರುಗಳಿಂದ ಸಂಖ್ಯೆ ಮತ್ತೆ ಏರಿತು. ಇದರ ಅರ್ಥವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ಸಲದ ಬೆಂಕಿಯಿಂದ ಒಣಕಾಡು ಸಾಯುವುದಿಲ್ಲ, ವರ್ಷ ಬಿಡದ ಬೆಂಕಿಯಿಂದ ಅದರ ಮಕ್ಕಳು ಸಾಯುತ್ತಾರೆ. ದೊಡ್ಡ ಮರಗಳು ನಿಂತಿರುವುದರಿಂದ ಕಾಡು ಚೆನ್ನಾಗಿದೆ ಎಂದೇ ಕಾಣುತ್ತದೆ. ಅವು ಮುದಿಯಾಗಿ ಬಿದ್ದ ದಿನ ಕೆಳಗೆ ಯಾರೂ ಇಲ್ಲವೆಂದು ಗೊತ್ತಾಗುತ್ತದೆ.

ಗಿಡಕ್ಕೆ ಬೇಕಾದದ್ದು ಬಿಡುವು. ಬೆಂಕಿಯಿಲ್ಲದ ಕೆಲವು ವರ್ಷ ಸತತವಾಗಿ ಸಿಕ್ಕರೆ ಚಿಗುರು ಬೆಂಕಿಯ ನಾಲಗೆಗಿಂತ ಎತ್ತರ ಬೆಳೆದು, ತೊಗಟೆ ದಪ್ಪ ಮಾಡಿಕೊಂಡು ಪಾರಾಗುತ್ತದೆ.

ತುಂಡು ಕಾಡಿನ ಕಷ್ಟ

ನಮ್ಮ ಭಾಗದಲ್ಲಿ ಈಗ ಉಳಿದಿರುವುದು ಹೊಲಗಳ ನಡುವೆ ದ್ವೀಪದಂತೆ ನಿಂತ ತುಂಡು ಕಾಡುಗಳು. ಇಂಥ ತುಂಡಿನಲ್ಲಿ ಅಂಚು ಹೆಚ್ಚು, ನಡುಭಾಗ ಕಡಿಮೆ. ಅಂಚಿನಿಂದ ಬಿಸಿಗಾಳಿ, ಬೆಂಕಿ, ದನ, ಕೊಡಲಿ, ಕಸದ ಬೀಜ ಎಲ್ಲವೂ ಒಳನುಗ್ಗುತ್ತವೆ. ಗಾಳಿಯಲ್ಲಿ ಹಾರುವ ಬೀಜ ಹೇಗೋ ಬಂದು ಸೇರುತ್ತದೆ. ದೊಡ್ಡ ಬೀಜದ ಹಣ್ಣಿನ ಮರ ಒಮ್ಮೆ ಹೋದರೆ, ಬೀಜ ತರುವ ಪ್ರಾಣಿ ಬಯಲು ದಾಟಿ ಬಾರದಿದ್ದರೆ, ಆ ಜಾತಿಗೆ ಅಲ್ಲಿ ಬಾಗಿಲು ಮುಚ್ಚಿದಂತೆ. ಎರಡು ಗುಡ್ಡಗಳ ನಡುವೆ ಹೊಲದ ಒಡ್ಡಿನ ಮೇಲೆ, ಹಳ್ಳದ ದಂಡೆಯಲ್ಲಿ ಬೇವು, ಹೊಂಗೆ, ನೇರಳೆ, ಆಲ, ಅತ್ತಿ ನಿಂತಿದ್ದರೆ ಹಕ್ಕಿಗೆ ಅವೇ ತಂಗುದಾಣ. ಒಡ್ಡಿನ ಮರ ಕಡಿದವರು ಗುಡ್ಡದ ಬೀಜದ ದಾರಿಯನ್ನೂ ಕಡಿದಂತಾಯಿತು.

ಇನ್ನೊಂದು ಪೀಡೆ ಲಂಟಾನ. ಹೂವಿನ ಚೆಂದಕ್ಕೆಂದು ಸುಮಾರು ಇನ್ನೂರು ವರ್ಷಗಳ ಹಿಂದೆ ಹೊರದೇಶದಿಂದ ಬಂದ ಈ ಗಿಡ ಮುದುಮಲೆಯ ಆ 50 ಹೆಕ್ಟೇರಿನಲ್ಲಿಯೂ ಹಬ್ಬಿತು. ಇದು ಕವಳಿಯಂತೆ ತೊಟ್ಟಿಲಾಗುವುದಿಲ್ಲ. ದಟ್ಟವಾಗಿ ಹೆಣೆದುಕೊಂಡು ಕೆಳಗೆ ಹುಲ್ಲನ್ನೂ ಸಸಿಯನ್ನೂ ಬೆಳೆಯಗೊಡುವುದಿಲ್ಲ, ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಒಳ್ಳೆಯ ಉರವಲಾಗುತ್ತದೆ.

ಆದರೂ ಸಣ್ಣ ತುಂಡೆಂದು ಕೈಬಿಡಬೇಕಾಗಿಲ್ಲ. ಶಿಗ್ಗಾವಿ ತಾಲೂಕಿನ ಬಂಕಾಪುರದ ಹಳೆಯ ಕೋಟೆಯನ್ನು ನೋಡಿರಿ. ಖಿಲಾರಿ ದನಗಳ ತಳಿ ಸಂವರ್ಧನೆಗೆಂದು ಕಾಯ್ದುಕೊಂಡ ಆ 139 ಎಕರೆ ಆವರಣದಲ್ಲಿ ಹುಲ್ಲೂ ಕುರುಚಲು ಗಿಡವೂ ಉಳಿದವು. ಅವುಗಳ ಆಸರೆಗೆ ನವಿಲುಗಳು ಸೇರಿದವು. 2006ರಲ್ಲಿ ಸರ್ಕಾರ ಅದನ್ನು ನವಿಲು ಧಾಮವೆಂದು ಘೋಷಿಸಿತು. ಅಲ್ಲಿ ದನವೂ ಇದೆ, ನವಿಲೂ ಇದೆ, ಗಿಡವೂ ಇದೆ. ಇದ್ದದ್ದು ಕಾವಲು, ಅಷ್ಟೇ.

ಕುಸನೂರಿನ ಪಾಠ

ಗುಡ್ಡ ಬೋಳಾಗಿದೆ, ಬೇರೆ ಮರ ಹಚ್ಚಿ ಹಸಿರು ಮಾಡೋಣ ಎಂಬ ವಿಚಾರ ನಮ್ಮ ಸೀಮೆಯಲ್ಲಿಯೇ ದೊಡ್ಡ ವಿವಾದವಾಗಿತ್ತು. 1980ರ ದಶಕದಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿ ಮೊದಲಾದವನ್ನು ಬೆಳೆಸಿ ಹರಿಹರದ ಕಾರ್ಖಾನೆಗೆ ಕಚ್ಚಾ ಮಾಲು ಒದಗಿಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಲೆಕ್ಕದ ಪುಸ್ತಕದಲ್ಲಿ ಪಾಳು ಎನಿಸಿದ ಆ ಭೂಮಿ ಹಳ್ಳಿಯವರಿಗೆ ಪಾಳಾಗಿರಲಿಲ್ಲ. ಮೇವು, ಉರವಲು, ಹಸಿರೆಲೆ ಗೊಬ್ಬರ, ನೇಗಿಲ ಕಟ್ಟಿಗೆ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ಡಾ. ಶಿವರಾಮ ಕಾರಂತರು ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ “ಕಿತ್ತಿಕೋ ಹಚ್ಚಿಕೋ” ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹಣ್ಣು ಮೇವು ಕೊಡುವ ಗಿಡ ಹಚ್ಚಿದರು. 1990ರ ದಶಕದ ಆರಂಭದಲ್ಲಿ ಆ ಕಂಪನಿ ಮುಚ್ಚಿತು.

ನೀಲಗಿರಿ ಒಳ್ಳೆಯದೋ ಕೆಟ್ಟದ್ದೋ ಎಂಬುದಷ್ಟೇ ಇಲ್ಲಿಯ ಪ್ರಶ್ನೆಯಲ್ಲ. ಆ ನೆಲದಲ್ಲಿ ಆಗಲೇ ಏನು ಜೀವಂತವಿದೆ ಎಂದು ನೋಡದೆ ಅದನ್ನು ಪಾಳು ಎಂದದ್ದೇ ಮೂಲ ತಪ್ಪು.

ಇದೇ ತಪ್ಪಿನ ಇನ್ನೊಂದು ಮುಖ ನೆರೆಯ ರಾಣೇಬೆನ್ನೂರಿನಲ್ಲಿದೆ. ಅಲ್ಲಿಯ 119 ಚದರ ಕಿಲೋಮೀಟರ್ ಪ್ರದೇಶ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಕೃಷ್ಣಮೃಗ ಬಯಲು ಹುಲ್ಲಿನ ಪ್ರಾಣಿ. ಒಂದು ಕಾಲಕ್ಕೆ ಅಲ್ಲಿದ್ದ ಎರೆಭೂತ ಹಕ್ಕಿಯೂ ಬಯಲಿನದೇ. ಆದರೆ ಆ ಕುರುಚಲು ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಯಿತು. ಮರ ಹೆಚ್ಚಿದಲ್ಲೆಲ್ಲ ಕಾಡು ಹೆಚ್ಚಿತು ಎನ್ನಲಾಗದು. ಹಿಂದಿನಿಂದಲೂ ಹುಲ್ಲುಗಾವಲಾಗಿದ್ದ ನೆಲ ಹುಲ್ಲುಗಾವಲಾಗಿಯೇ ಇರಲಿ. ಎಲ್ಲಿ ಬೊಡ್ಡೆಗಳಿವೆಯೋ ಅಲ್ಲಿ ಮೊದಲು ಕಾಡಿತ್ತು, ಅಲ್ಲಿ ಕಾಡು ಬರಲಿ. ನೆಲವೇ ತನ್ನ ಸಾಕ್ಷಿ ಹೇಳುತ್ತದೆ.

ಗುಡ್ಡ ಮುಚ್ಚಿದರೆ ದನ ಎಲ್ಲಿಗೆ ಹೋಗಬೇಕು?

ಇದು ನ್ಯಾಯವಾದ ಪ್ರಶ್ನೆ. ಗಾಯರಾಣಕ್ಕೆ ಒಮ್ಮೆಲೇ ಬೇಲಿ ಹಾಕಿದರೆ ನಷ್ಟವಾಗುವುದು ಹೊಲವಿಲ್ಲದ, ನಾಲ್ಕು ಕುರಿ ನಂಬಿದವನಿಗೆ. ಹೊಲದಲ್ಲಿ ಸೊಪ್ಪೆ, ಕಣದಲ್ಲಿ ಬಣವಿ ಇದ್ದವನಿಗಲ್ಲ. ಅವನನ್ನು ಬಿಟ್ಟು ಮಾಡಿದ ನಿಯಮ ಒಂದು ಬೇಸಿಗೆಯೂ ಬಾಳುವುದಿಲ್ಲ.

ಉಪಾಯವಿಲ್ಲದಿಲ್ಲ. ಇಡೀ ಗುಡ್ಡವನ್ನು ಒಮ್ಮೆಗೆ ಮುಚ್ಚದೆ ಮೂರು ನಾಲ್ಕು ಭಾಗ ಮಾಡಿ ಸರದಿಯಂತೆ ಮುಚ್ಚಬೇಕು. ಒಂದು ಭಾಗಕ್ಕೆ ನಾಲ್ಕೈದು ವರ್ಷ ಬಿಡುವು. ಚಿಗುರು ಆಡಿನ ಬಾಯಿಗೆ ಸಿಗದಷ್ಟು ಎತ್ತರವಾದ ಮೇಲೆ ಆ ಭಾಗ ತೆರೆದು ಇನ್ನೊಂದನ್ನು ಮುಚ್ಚಬೇಕು. ಮುಚ್ಚಿದ ಭಾಗದಿಂದ ದನ ಮಾತ್ರ ಹೊರಗೆ, ಹುಲ್ಲು ಹೊರಗಲ್ಲ. ಬೀಜ ಉದುರಿದ ಮೇಲೆ ಕುಡಗೋಲಿನಿಂದ ಕೊಯ್ದು ಹೊರೆ ತರಬಹುದು. ಆ ಹೊರೆಯಲ್ಲಿ ಕುರಿ ಸಾಕುವವನಿಗೆ, ಹೊಲವಿಲ್ಲದವನಿಗೆ ಮೊದಲ ಪಾಲು ಇರಲಿ. ಹುಲ್ಲು ಕೊಯ್ದರೆ ಬೆಂಕಿಗೆ ಆಹಾರವೂ ಕಡಿಮೆಯಾಗುತ್ತದೆ. ಹೀಗೆ ಒಂದು ಕೆಲಸದಿಂದ ಎರಡು ಲಾಭ.

ಜನರಿಗೆ ಪಾಲು ಸಿಕ್ಕರೆ ಬೊಡ್ಡೆ ಕಾಡಾಗುತ್ತದೆ ಎಂಬುದಕ್ಕೆ ಪಶ್ಚಿಮ ಬಂಗಾಳದ ಅಂದಿನ ಮೇದಿನೀಪುರ ಜಿಲ್ಲೆಯ ಅರಬಾರಿ ಸಾಕ್ಷಿ. 1972ರಲ್ಲಿ ಅಲ್ಲಿ ಸುಮಾರು 1,200 ಹೆಕ್ಟೇರ್ ಕೆಟ್ಟುಹೋದ ಸಾಲದ ಕಾಡಿನ ಕಾವಲನ್ನು ಸುತ್ತಲಿನ ಹಳ್ಳಿಗಳವರಿಗೇ ಒಪ್ಪಿಸಿ, ಉತ್ಪನ್ನದಲ್ಲಿ ಕಾಲು ಪಾಲಿನ ಮಾತು ಕೊಡಲಾಯಿತು. ಜನರೇ ಕೊಡಲಿಯನ್ನೂ ದನವನ್ನೂ ತಡೆದರು. ಸತ್ತವೆಂದುಕೊಂಡ ಬೊಡ್ಡೆಗಳು ಎದ್ದು ಕಾಡಾದವು. ಆ ಮಾದರಿಯೇ ದೇಶದಲ್ಲಿ ಹಬ್ಬಿತು. ನಮ್ಮ ರಾಜ್ಯದಲ್ಲಿಯೂ 1993ರ ಸರ್ಕಾರಿ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ತೆರೆಯಿತು.

ಮಾಡಬೇಕಾದ ಕೆಲಸ

1. ಸಸಿ ತರುವ ಮೊದಲು ಬೊಡ್ಡೆ ಎಣಿಸಿರಿ. ಬೇಸಿಗೆಯ ಮೊದಲ ಮಳೆಯ ನಂತರ ಹತ್ತು ದಿನ ಬಿಟ್ಟು ಗುಡ್ಡ ಸುತ್ತಿದರೆ ಜೀವವಿರುವ ಬೊಡ್ಡೆಗಳು ಚಿಗುರಿ ತಾವೇ ಕೈ ಎತ್ತುತ್ತವೆ. ನಾಲ್ಕು ಕಡೆ ಒಂದೊಂದು ಗುಂಟೆ ಅಳೆದು ಎಣಿಸಿದರೆ ಎಕರೆಯ ಅಂದಾಜು ಸಿಗುತ್ತದೆ.

2. ಬೊಡ್ಡೆ ಹೆಚ್ಚಿರುವಲ್ಲಿ ಗುಂಡಿ ತೋಡಬೇಡಿರಿ, ಕಾವಲು ಸಾಕು. ಬೊಡ್ಡೆಯಿಲ್ಲದ ಬಯಲಿನಲ್ಲಿ ಮಾತ್ರ ಬಿತ್ತನೆ, ನಾಟಿ ಮಾಡಿರಿ.

3. ಹರಿದು ಸೀಳಿದ ಬೊಡ್ಡೆಯನ್ನು ಮಳೆಗೆ ಮುಂಚೆ ಹರಿತವಾದ ಕೊಡಲಿಯಿಂದ ನೆಲಕ್ಕೆ ಹತ್ತಿರ, ನೀರು ನಿಲ್ಲದಂತೆ ಓರೆಯಾಗಿ ಸವರಿರಿ. ಒಂದು ವರ್ಷದ ನಂತರ ಬುಡಕ್ಕೆ ಹತ್ತಿರದ ಎರಡು ಮೂರು ಗಟ್ಟಿ ಚಿಗುರು ಉಳಿಸಿ ಬಾಕಿಯವನ್ನು ಕೊಯ್ದರೆ ಉಳಿದವು ಬೇಗ ದಪ್ಪವಾಗುತ್ತವೆ. ಕೊಯ್ದದ್ದು ಮೇವಾಯಿತು, ಉರವಲಾಯಿತು. ಅರಣ್ಯ ಇಲಾಖೆಯ ಜಾಗದಲ್ಲಿ ಇಲಾಖೆಯ ಒಪ್ಪಿಗೆಯಿಲ್ಲದೆ ಕೊಡಲಿ ಹಚ್ಚಬಾರದು.

4. ಶಿವರಾತ್ರಿಗೆ ಮುಂಚೆಯೇ ಗುಡ್ಡದ ಸುತ್ತ, ದಾರಿಯ ಎರಡೂ ಬದಿಗೆ ನಾಲ್ಕು ಮಾರು ಅಗಲ ಹುಲ್ಲು ಕೊಯ್ದು ಬೆಂಕಿ ಗೆರೆ ಮಾಡಿರಿ. ಯುಗಾದಿಯವರೆಗೂ, ನಂತರ ದೊಡ್ಡ ಮಳೆ ಬೀಳುವವರೆಗೂ ಸರದಿಯ ಕಾವಲು ಇರಲಿ.

5. ಕವಳಿ, ಕಾರೆ, ಬಾರಿಯ ಪೊದೆ ಕಡಿಯಬೇಡಿರಿ. ಬೇವು, ನೇರಳೆಯ ಬೀಜವನ್ನು ಹಣ್ಣಾದ ವಾರದೊಳಗೆ ತಂದು ಆ ಪೊದೆಗಳ ಬುಡದಲ್ಲಿಯೇ ಊರಿರಿ. ಜಾಲಿ, ಕಗ್ಗಲಿಯ ಗಟ್ಟಿ ಬೀಜವನ್ನು ಬಿಸಿ ನೀರಿಗೆ ಹಾಕಿ, ರಾತ್ರಿ ಅದರಲ್ಲೇ ಆರಲು ಬಿಟ್ಟು, ಬೆಳಿಗ್ಗೆ ಬಿತ್ತಿರಿ. ಕುರಿ ಹಟ್ಟಿಯಲ್ಲಿ ಆಯ್ದ ಬೀಜವಾದರೆ ಇನ್ನೂ ಮೇಲು.

6. ಲಂಟಾನವನ್ನು ಬರೀ ಸವರಿದರೆ ಇಮ್ಮಡಿ ಚಿಗುರುತ್ತದೆ. ಹೂ ಬಿಡುವ ಮೊದಲು, ನೆಲದಿಂದ ಎರಡು ಮೂರು ಬೆರಳು ಕೆಳಗೆ ಮುಖ್ಯ ಬೇರನ್ನು ಕತ್ತರಿಸಿ, ಪೊದೆಯನ್ನು ಬುಡಮೇಲಾಗಿ ಇಡಬೇಕು.

7. ಗುಡ್ಡದ ಪ್ರತಿ ಭಾಗದಲ್ಲಿ, ಪ್ರತಿ ಜಾತಿಯ ಕೆಲವು ಒಳ್ಳೆಯ ಮರಗಳನ್ನು ಬೀಜದ ಮರವೆಂದು ಗುರುತು ಮಾಡಿ ಎಂದಿಗೂ ಕಡಿಯದೆ ಬಿಡಿರಿ.

ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಬೀಜೋತ್ಪಾದನೆಗೆ ಹೆಸರಾದ ಸೀಮೆ ನಮ್ಮದು. ಎಂಥ ಬರಗಾಲದಲ್ಲಿಯೂ ಬಿತ್ತನೆಯ ಕಾಳನ್ನು ಬೀಸುವ ಕಲ್ಲಿಗೆ ಹಾಕಬಾರದೆಂದು ಇಲ್ಲಿಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಡ್ಡದ ಬೀಜದ ಮರಕ್ಕೂ ಅದೇ ನಿಯಮ. ಬೊಡ್ಡೆ ನಮಗೆ ಒಂದು ತಲೆಮಾರಿನ ಕಾಲಾವಕಾಶ ಕೊಟ್ಟಿದೆ. ಆ ಅವಕಾಶದಲ್ಲಿ ಬೀಜ ಬಿದ್ದು ಸಸಿ ಎದ್ದರೆ ಕಾಡು ಮುಂದುವರಿಯುತ್ತದೆ. ಇಲ್ಲವಾದರೆ ಬೊಡ್ಡೆಯೊಂದಿಗೇ ಮುಗಿಯುತ್ತದೆ.

ಮುಂದಿನ ಅಡ್ಡಮಳೆ ಬಿದ್ದ ಮೇಲೆ ಊರಿನ ನಾಲ್ವರು ಹಿರಿಯರು, ನಾಲ್ವರು ಕುರಿ ಕಾಯುವವರು, ಶಾಲೆಯ ಹುಡುಗರು ಕೂಡಿ ಒಂದು ಬೆಳಗು ಗುಡ್ಡ ಹತ್ತಿ ಬರಲಿ. ಚಿಗುರಿದ ಬೊಡ್ಡೆ ಎಷ್ಟು, ಚಿಗುರದೆ ಉಳಿದದ್ದು ಎಷ್ಟು, ಬೀಜದ ಮರ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಊರಿನ ಗುಡ್ಡಕ್ಕೆ ಎಷ್ಟು ಆಯುಷ್ಯ ಉಳಿದಿದೆ ಎಂಬುದು ಆ ಹಾಳೆಯಲ್ಲಿ ಸಿಗುತ್ತದೆ. ಮುಂದೆ ಏನು ಮಾಡಬೇಕೆಂಬುದನ್ನು ಊರೇ ಕುಳಿತು ತೀರ್ಮಾನಿಸಲಿ.